ಯಾವುದರ ಶೇಕಡಾ ಹದಿನಾಲ್ಕು?

ಮಾರ್ಚ್ ಕೊನೆಯ ವಾರ. ಒಂಬತ್ತನೆಯ ತರಗತಿಯ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಚಿತ್ತಾಪುರ ತಾಲ್ಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಗೆ ಆ ನಾಲ್ಕೈದು ದಿನ ಮಕ್ಕಳು ಬರುವುದೇ ಬಿಸಿಯೂಟಕ್ಕೆ ಮತ್ತು ಫ್ಯಾನಿನ ಗಾಳಿಗೆ. ಬಂದವರನ್ನು ಸುಮ್ಮನೆ ಕೂರಿಸುವುದು ಬೇಡವೆಂದು, ಕಲಬುರಗಿಯ ಒಂದು ವಾರದ ಗರಿಷ್ಠ ತಾಪಮಾನವನ್ನು ಪತ್ರಿಕೆ ನೋಡಿ ಬರೆದುಕೊಂಡು ಬರಲು ಹೇಳಿದ್ದೆ. ಸೋಮವಾರದಿಂದ ಭಾನುವಾರದವರೆಗೆ 38, 39, 40, 40, 41, 39, 40. ನನ್ನ ಮೊಬೈಲನ್ನು ಶಾಲೆಯ ಟಿವಿಗೆ ಜೋಡಿಸಿ, ನಕ್ಷೆ ಬಿಡಿಸುವ ಆ್ಯಪ್ ತೆರೆದು, ಏಳೂ ಸಂಖ್ಯೆಗಳನ್ನು ತುಂಬಿದೆವು. (ಆ್ಯಪಿನ ಹೆಸರು ಬೇಡ. ಇಂಥವು ಹತ್ತಾರಿವೆ, ಎಲ್ಲವೂ ಒಂದೇ ಗೋತ್ರದವು.) ಯಾವ ನಕ್ಷೆ ಬೇಕು ಎಂದು ಅದು ಕೇಳಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು, ಬಣ್ಣ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ, ವೃತ್ತ ನಕ್ಷೆಯನ್ನು ಒತ್ತಿದ.

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಕ್ಷೆ ಸಿದ್ಧ. ಕೊಯ್ದಿಟ್ಟ ಕಲ್ಲಂಗಡಿಯ ಹಾಗೆ ಏಳು ಹೋಳು, ಏಳು ಬಣ್ಣ, ಒಂದೊಂದರ ಮೇಲೂ ಶೇಕಡಾವಾರು. ಸೋಮವಾರ 13.7, ಮಂಗಳವಾರ 14.1, ಶುಕ್ರವಾರ 14.8. ಮಕ್ಕಳು ಚಪ್ಪಾಳೆ ತಟ್ಟಿದರು. ನಿಜ ಹೇಳಬೇಕೆಂದರೆ ನನಗೂ ಚೆನ್ನಾಗಿಯೇ ಕಂಡಿತು. ಆಗ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಕೇಳಿದಳು: "ಮಂಗಳವಾರ ಶೇಕಡಾ ಹದಿನಾಲ್ಕು ಅಂದರೆ, ಯಾವುದರ ಹದಿನಾಲ್ಕು ಸರ್?"

ಇಡೀ ಅವಧಿ ಆ ಪ್ರಶ್ನೆಗೇ ಹೋಯಿತು. ಏಳನ್ನೂ ಕೂಡಿಸಿದರು, 277 ಬಂತು. 277 ಡಿಗ್ರಿ ಅಂದರೆ ಏನು? ಅಷ್ಟು ಬಿಸಿಲಿದ್ದರೆ ಅಂಗಳದ ಶಹಾಬಾದ್ ಕಲ್ಲಿನ ಮೇಲೆಯೇ ರೊಟ್ಟಿ ಸುಡಬಹುದಿತ್ತು ಎಂದು ಒಬ್ಬ ನಗಿಸಿದ. ಅಪ್ಪನ ಆರು ಚೀಲ ತೊಗರಿ, ಕಾಕಾನ ಒಂಬತ್ತು ಚೀಲ ಕೂಡಿಸಿದರೆ ಹದಿನೈದು ಚೀಲ. ಟ್ರ್ಯಾಕ್ಟರಿಗೆ ಹೇರಿ ಮಾರುಕಟ್ಟೆಗೆ ಒಯ್ಯಬಹುದು. ಇವತ್ತಿನ 40 ಡಿಗ್ರಿಗೆ ನಾಳಿನ 39 ಡಿಗ್ರಿ ಕೂಡಿಸಿದರೆ ಬರುವ 79 ಎಲ್ಲಿದೆ? ಯಾವ ಥರ್ಮಾಮೀಟರಿನಲ್ಲಿ? ಕೂಡಿಸಿದ ಮೊತ್ತಕ್ಕೆ ಅರ್ಥವಿಲ್ಲದಿದ್ದರೆ ಅದರ ಪಾಲಿಗೂ ಅರ್ಥವಿಲ್ಲ ಎನ್ನುವಲ್ಲಿಗೆ ಬಂದೆವು. ಅಷ್ಟರಲ್ಲಿ ಇನ್ನೊಬ್ಬ, "ಸರಾಸರಿ ತೆಗೆಯುವಾಗ ತಾಪಮಾನವನ್ನೂ ಕೂಡಿಸುತ್ತೇವಲ್ಲ ಸರ್?" ಎಂದ. ಸೀಮೆಸುಣ್ಣ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಕೂಡಿಸುತ್ತೇವೆ, ಆದರೆ ಆ 277ರಲ್ಲಿ ಉಳಿದುಕೊಳ್ಳುವುದಿಲ್ಲ, ಏಳರಿಂದ ಭಾಗಿಸಿ 39.6ಕ್ಕೆ ಇಳಿದು ಬರುತ್ತೇವೆ ಎಂದೆ. ಅವನು ಒಪ್ಪಿದ. ನನಗೆ ಮಾತ್ರ ರಾತ್ರಿಯವರೆಗೂ ಅದೇ ಗುಂಗು.

ಮರುದಿನ ಕಪ್ಪುಹಲಗೆಯ ಮೇಲೆ ಎರಡು ಸಾಲು ಮಾಡಿದೆವು. ಮನೆಯ ಖರ್ಚು, ದಿನದ 24 ಗಂಟೆ, ಊರಿನ ಮತಗಳು ಒಂದು ಕಡೆ. ತಾಪಮಾನ, ಬಸ್ಸಿನ ವೇಗ, ಹಾಜರಿ ಪುಸ್ತಕದ ಕ್ರಮಸಂಖ್ಯೆ ಇನ್ನೊಂದು ಕಡೆ. ಹದಿನಾರು ವರ್ಷ ಗಣಿತ ಕಲಿಸಿದ್ದೇನೆ, ಈ ಪಟ್ಟಿಯನ್ನು ಅದಕ್ಕೆ ಮೊದಲು ಒಮ್ಮೆಯೂ ಮಾಡಿಸಿರಲಿಲ್ಲ. ಏಕೆಂದರೆ ಪಠ್ಯಪುಸ್ತಕ "ಕೆಳಗಿನ ದತ್ತಾಂಶಕ್ಕೆ ವೃತ್ತ ನಕ್ಷೆ ರಚಿಸಿ" ಎನ್ನುತ್ತದೆ. ಯಾವ ನಕ್ಷೆ ಎಂಬ ತೀರ್ಮಾನವನ್ನು ಅದೇ ಮಾಡಿ ಮುಗಿಸಿರುತ್ತದೆ. ಮಗುವಿಗೆ ಉಳಿಯುವುದು ಕೋನಮಾಪಕ ಮತ್ತು ಬಣ್ಣದ ಪೆನ್ಸಿಲ್.

ತರಬೇತಿಗಳಲ್ಲಿ ಈ ಆ್ಯಪ್‌ಗಳನ್ನು ಹೊಗಳುವ ರೀತಿಗೆ ನನ್ನ ತಕರಾರು ಇರುವುದು ಇಲ್ಲಿಯೇ. ಸಮಯ ಉಳಿಯುತ್ತದೆ, ಆಕರ್ಷಕವಾಗಿರುತ್ತದೆ ಎನ್ನುತ್ತಾರೆ. ನಮ್ಮಲ್ಲಿ ಸಮಯವೇನೂ ಉಳಿಯಲಿಲ್ಲ, ಒಂದು ಅವಧಿಯ ಪಾಠಕ್ಕೆ ಎರಡು ದಿನ ಹಿಡಿಯಿತು. ಆ್ಯಪ್ ನನಗೆ ಉಪಯೋಗಕ್ಕೆ ಬಂದದ್ದು ಅದು ಏನು ಕೊಟ್ಟರೂ ಮರುಮಾತಿಲ್ಲದೆ ಬಿಡಿಸಿಕೊಡುತ್ತದೆ ಎಂಬ ಕಾರಣಕ್ಕೆ. ಮೊಬೈಲ್ ಸಂಖ್ಯೆಗಳನ್ನು ಕೊಟ್ಟರೂ ಅದು ಕಲ್ಲಂಗಡಿ ಕೊಯ್ಯುತ್ತದೆ. ನಾನು ಹಲಗೆಯ ಮೇಲೆ ತಪ್ಪು ನಕ್ಷೆ ಬಿಡಿಸಿದರೆ ಮಕ್ಕಳು ಅದನ್ನು ಪ್ರಶ್ನಿಸುವುದಿಲ್ಲ, ಮೇಷ್ಟರು ಬಿಡಿಸಿದ್ದು ಎಂದು ಇಳಿಸಿಕೊಳ್ಳುತ್ತಾರೆ. ಯಂತ್ರದ ತಪ್ಪನ್ನು ಹಿಡಿಯಲು ಅವರಿಗೆ ಸಂಕೋಚವಿಲ್ಲ.

ಈ ನಕ್ಷೆಗಳಿಗೂ ಒಬ್ಬ ಪೂರ್ವಜನಿದ್ದಾನೆ, ಸ್ಕಾಟ್‌ಲೆಂಡಿನ ವಿಲಿಯಂ ಪ್ಲೇಫೇರ್. 1801ರಲ್ಲಿ ಪ್ರಕಟಿಸಿದ ವೃತ್ತ ನಕ್ಷೆಯೊಂದರಲ್ಲಿ ಅವನು ಹೋಳು ಮಾಡಿದ್ದು ತುರ್ಕಿ ಸಾಮ್ರಾಜ್ಯದ ನೆಲವನ್ನು: ಏಷ್ಯಾದಲ್ಲಿ ಇಷ್ಟು, ಯುರೋಪಿನಲ್ಲಿ ಇಷ್ಟು, ಆಫ್ರಿಕಾದಲ್ಲಿ ಇಷ್ಟು. ನೆಲ ಕೂಡಿಸಲು ಬರುತ್ತದೆ. 1786ರಲ್ಲಿ ಅವನು ಸ್ತಂಭ ನಕ್ಷೆ ಬಿಡಿಸಿದ್ದು ಕೊರತೆಯಿಂದ. ಇಂಗ್ಲೆಂಡ್ ಬೇರೆ ದೇಶಗಳೊಂದಿಗೆ ನಡೆಸಿದ ವ್ಯಾಪಾರಕ್ಕೆ ವರ್ಷ ವರ್ಷದ ಅಂಕಿಗಳಿದ್ದವು, ಗೆರೆ ಎಳೆದ. ಸ್ಕಾಟ್‌ಲೆಂಡಿನದು ಒಂದೇ ವರ್ಷದ್ದು ಸಿಕ್ಕಿತು, ಅದಕ್ಕಾಗಿ ಕಂಬ ನಿಲ್ಲಿಸಿದ. ಕೈಯಲ್ಲಿ ಇರುವ ಅಂಕಿಗಳನ್ನು ನೋಡಿ ನಕ್ಷೆ ಆರಿಸಿಕೊಂಡ ಮನುಷ್ಯ. ಈ ಕತೆ ನನ್ನ ಮಕ್ಕಳಿಗೆ ಬಹಳ ಹಿಡಿಸಿತು, ಅವರ ಹತ್ತಿರವೂ ಇದ್ದದ್ದು ಒಂದೇ ವಾರದ ಅಂಕಿ.

ಜೂನ್‌ನಲ್ಲಿ ಅದೇ ಮಕ್ಕಳು ಹತ್ತನೆಯ ತರಗತಿಗೆ ಬಂದರು. ಅದು 2025. ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿತ್ತು: ದಕ್ಷಿಣ ಕನ್ನಡ ಶೇಕಡಾ 91.12, ಮೊದಲು. ಕಲಬುರಗಿ ಶೇಕಡಾ 42.43, ಕೊನೆ. ಇದನ್ನು ತರಗತಿಗೆ ತರಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಆಮೇಲೆ, ಹೇಗೂ ಊರೆಲ್ಲ ಆಡಿಕೊಳ್ಳುವ ಸಂಖ್ಯೆ, ಇವರಿಗೂ ಇದರ ಮೇಲೆ ಹಕ್ಕಿದೆ ಎನಿಸಿತು. ಎರಡು ಕಂಬ ನಿಲ್ಲಿಸಿದೆವು. ತರಗತಿ ತಣ್ಣಗಾಯಿತು. ಕಲ್ಲಂಗಡಿ ಕೊಯ್ದಿದ್ದ ಅದೇ ಹುಡುಗ ಬಂದು, ಲಂಬ ಅಕ್ಷದ ಕನಿಷ್ಠ ಬೆಲೆಯನ್ನು 0 ತೆಗೆದು 40 ಮಾಡಿದ. "ಸರ್, ನಮ್ಮ ಜಿಲ್ಲೆಯೇ ಹೋಯಿತು!"

ಹೋಗಿಯೇ ಬಿಟ್ಟಿತ್ತು. ಒಂದು ಕಡೆ ಮುಗಿಲು ಮುಟ್ಟುವ ಕಂಬ, ಇನ್ನೊಂದು ಕಡೆ ಹೊಸ್ತಿಲಿನಷ್ಟು ಎತ್ತರದ ಪಟ್ಟಿ. ಲೆಕ್ಕ ಹಾಕಲು ಹೇಳಿದೆ. ನಿಜವಾದ ಅನುಪಾತ ಎರಡಕ್ಕಿಂತ ತುಸು ಹೆಚ್ಚು. 40ರಿಂದ ಅಳೆದರೆ 51.12ಕ್ಕೆ 2.43, ಅಂದರೆ 21 ಪಟ್ಟು. ಸಂಖ್ಯೆಗಳು ಅವೇ, ಒಂದೂ ಸುಳ್ಳಲ್ಲ. ಅನುಪಾತದ ಪಾಠವನ್ನು ಇಷ್ಟು ಸಿಟ್ಟಿನಿಂದ ಮಾಡಿದ ತರಗತಿಯನ್ನು ನಾನು ಕಂಡಿಲ್ಲ. ಎಷ್ಟು ಶಾಲೆಗಳಲ್ಲಿ ಗಣಿತ ಶಿಕ್ಷಕರ ಹುದ್ದೆ ಖಾಲಿ ಇದೆ ಎನ್ನುವುದು ಈ ಕಂಬದಲ್ಲಿ ಎಲ್ಲಿದೆ ಎಂದು ಒಬ್ಬಳು ಕೇಳಿದಳು. ಇಲ್ಲ ಎಂದೆ. 42.43 ಎಂಬುದನ್ನು ಅಕ್ಷ ಬದಲಿಸಿ ಯಾರೂ 60 ಮಾಡಲಾರರು ಎಂದೂ ಹೇಳಿದೆ, ಅದೂ ಹೇಳಬೇಕಿತ್ತು.

ಹಾಗಾದರೆ ಯಾವಾಗಲೂ ಸೊನ್ನೆಯಿಂದಲೇ ಆರಂಭಿಸಬೇಕು ಎಂದು ಮಕ್ಕಳು ನಿಯಮ ಬರೆಯಲು ಹೊರಟರು. ಮತ್ತೆ ಮಾರ್ಚ್‌ನ ತಾಪಮಾನ ತೆಗೆದೆ. ಸೊನ್ನೆಯಿಂದ ಕಂಬ ನಿಲ್ಲಿಸಿದರೆ ಏಳೂ ಶಾಲೆಯ ಕಾಂಪೌಂಡಿನ ಹಾಗೆ ಸಮನಾಗಿ ನಿಂತವು. ಆದರೆ 38ಕ್ಕೂ 41ಕ್ಕೂ ಇರುವ ಅಂತರ ನಮ್ಮ ಕಡೆ ಮಧ್ಯಾಹ್ನ ಎರಡಕ್ಕೆ ಬಸ್ಸಿಗೆ ಕಾದವರಿಗೆ ಗೊತ್ತು. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಗುರುತು ಅಷ್ಟೇ, ಶಾಖವೇ ಇಲ್ಲ ಎಂದಲ್ಲ. 40 ಡಿಗ್ರಿ 20ರ ಎರಡು ಪಟ್ಟು ಶಾಖವೂ ಅಲ್ಲ. ತೇರ್ಗಡೆಯ ಸೊನ್ನೆ ಹಾಗಲ್ಲ, ಅಲ್ಲಿ ಸೊನ್ನೆ ಎಂದರೆ ಯಾರೂ ಪಾಸಾಗಿಲ್ಲ. ನಿಯಮ ಅರ್ಧಕ್ಕೇ ನಿಂತಿತು. ಈಗಲೂ ಅದು ನೋಟ್‌ಬುಕ್ಕಿನಲ್ಲಿ ಅರ್ಧವೇ ಇದೆ.

ಪಕ್ಕದ ಶಾಲೆಯ ಹಿರಿಯ ಶಿಕ್ಷಕರೊಬ್ಬರು, "ಪರೀಕ್ಷೆಯಲ್ಲಿ ಆ್ಯಪ್ ಕೊಡುತ್ತಾರೇನು?" ಎಂದು ಕೇಳುತ್ತಾರೆ. ಕೊಡುವುದಿಲ್ಲ. ಅದಕ್ಕಾಗಿ ಗ್ರಾಫ್ ಹಾಳೆಯನ್ನು ನಾನು ಬಿಟ್ಟಿಲ್ಲ. ಬಟನ್ ಒತ್ತುವ ಮೊದಲು ನಕ್ಷೆ ಹೇಗೆ ಬರಬಹುದು ಎಂದು ಪ್ರತಿಯೊಬ್ಬರೂ ಪೆನ್ಸಿಲಿನಲ್ಲಿ ಬಿಡಿಸಲೇಬೇಕು. ಕರೆಂಟ್ ಹೋದ ದಿನ ಅದಷ್ಟೇ ಪಾಠ. ಊಹೆ ಬಿಡಿಸದವನಿಗೆ ಯಂತ್ರದ ನಕ್ಷೆಯಲ್ಲಿ ಆಶ್ಚರ್ಯಪಡಲು ಏನೂ ಸಿಗುವುದಿಲ್ಲ.

ಕಳೆದ ವಾರ ಕಿಟಕಿಯ ಪಕ್ಕದ ಹುಡುಗಿ ಒಂದು ಮಡಚಿದ ಕಾಗದ ತಂದಳು. ಅವಳ ಅಪ್ಪನಿಗೆ ಬೀಜದ ಅಂಗಡಿಯಲ್ಲಿ ಕೊಟ್ಟದ್ದು. ಎರಡು ಹಸಿರು ಕಂಬ, ಚಿಕ್ಕದರ ಕೆಳಗೆ "ಇತರೆ", ದೊಡ್ಡದರ ಕೆಳಗೆ "ನಮ್ಮ ತಳಿ". ಎಡಬದಿಯಲ್ಲಿ ಒಂದೂ ಸಂಖ್ಯೆ ಇರಲಿಲ್ಲ. ಅವಳು ಸ್ಕೇಲ್ ಇಟ್ಟು ಅಳೆದಿದ್ದಳು, ಎರಡು ಸೆಂಟಿಮೀಟರ್, ಐದು ಸೆಂಟಿಮೀಟರ್. "ಅಂಗಡಿಯವರನ್ನು ಕೇಳಿದೆ ಸರ್, ಏನು ಐದು ಅಂತ," ಎಂದಳು. "ಅಪ್ಪನನ್ನು ಕರೆದುಕೊಂಡು ಬಾ ಎಂದರು."