ಕಲಸನ್ನಕ್ಕೊಂದು ಪ್ರಯಾಣ

ಚಿತ್ರಾನ್ನ, ಪುಳಿಯೋಗರೆ, ಬಿಸಿಬೇಳೆಬಾತು: ನಮ್ಮ ಕಲಸನ್ನಗಳೆಲ್ಲ ಅಡುಗೆಮನೆಯಿಂದ ಹೊರಡುವಾಗಲೇ ಕಲಸಿಕೊಂಡು ಹೊರಟಿರುತ್ತವೆ. ಉಪ್ಪು ಜಾಸ್ತಿಯಾದರೂ ಅನ್ನ ಮುದ್ದೆಯಾದರೂ ಅಡುಗೆಯವರ ತಲೆಗೇ ಬರುತ್ತದೆ. ಉಣ್ಣುವವರಿಗೆ ಉಣ್ಣುವುದು, ದೂರುವುದು ಎರಡೇ ಕೆಲಸ. ಕೊರಿಯಾದವರ ಕಲಸನ್ನದಲ್ಲಿ ಈ ಸೌಕರ್ಯ ಇಲ್ಲ. ಅದರ ಹೆಸರು ಬಿಬಿಂಬಾಪ್, ಅರ್ಥವೇನೋ ಕಲಸನ್ನವೇ. ‘ಬಿಬಿಮ್’ ಅಂದರೆ ಕಲಸಿದ್ದು, ‘ಬಾಪ್’ ಅಂದರೆ ಅನ್ನ. (ಬಾಪ್‌ಗೂ ಬಾತ್‌ಗೂ ನೆಂಟಸ್ತಿಕೆ ಇಲ್ಲ, ಕಿವಿಗೆ ಮಾತ್ರ ಷಡ್ಡಕರು.) ಆದರೆ ಮೇಜಿಗೆ ಬರುವಾಗ ಅದು ರಂಗೋಲಿ ಹಾಕಿದ ಹಾಗೆ, ಒಂದಕ್ಕೊಂದು ತಾಗದಂತೆ ಜೋಡಿಸಿಕೊಂಡು ಬಂದಿರುತ್ತದೆ. ಕೊನೆಯ ಅಡುಗೆ ನಮ್ಮ ಕೈಗೆ ಬಿಟ್ಟದ್ದು. ಕೆಟ್ಟರೆ ಅರ್ಧ ಪಾಲು ನಮ್ಮದೂ ಹೌದು.

ಬಿಬಿಂಬಾಪ್ ಈಗ ಬೆಂಗಳೂರಲ್ಲೂ ಸಿಗುತ್ತದೆ, ಕೊರಿಯಾದ ವಿಮಾನದಲ್ಲೂ ಟ್ಯೂಬಿನ ಖಾರದ ಸಮೇತ ಸಿಗುತ್ತದೆ. ಆದರೂ ಅದನ್ನು ಜೊಂಜು ಊರಿಗೇ ಹೋಗಿ ತಿನ್ನಬೇಕು ಅನ್ನುವವರಿದ್ದಾರೆ. ಉತ್ತರ ಜೊಲ್ಲಾ ಪ್ರಾಂತ್ಯದ ರಾಜಧಾನಿ ಅದು. ಸುತ್ತ ಭತ್ತದ ಬಯಲು, ಬೆನ್ನಿಗೆ ಬೆಟ್ಟ. 2012ರಲ್ಲಿ ಯುನೆಸ್ಕೊ ಅದನ್ನು ಆಹಾರದ ಊರುಗಳ ಪಟ್ಟಿಗೆ ಸೇರಿಸಿತು. ಜೊಂಜುವಿನವರು ಅದಕ್ಕೂ ಮೊದಲೇ ತಮ್ಮದೇ ‘ಹತ್ತು ರುಚಿ’ಗಳ ಪಟ್ಟಿ ಮಾಡಿಕೊಂಡಿದ್ದರು. ಸೋಯಾ ಮೊಳಕೆ, ಹೆಸರುಕಾಳಿನ ಹಳದಿ ಹಲ್ವ, ಎಳೆ ಕುಂಬಳ, ಮೂಲಂಗಿ, ಏಡಿ ಎಲ್ಲ ಅದರಲ್ಲಿವೆ. ಹೊಗೆಸೊಪ್ಪೂ ಇದೆ! ಊಟ ಮುಗಿಸಿದ ಮೇಲಿನ ಗತಿಯನ್ನೂ ಯೋಚಿಸಿದ ಹಿರಿಯರು.

ದೇಶದ ರಾಜಧಾನಿ ಸೋಲ್‌ನ ಯೊಂಗ್‌ಸಾನ್ ನಿಲ್ದಾಣದಿಂದ ಕೆಟಿಎಕ್ಸ್ ಎಂಬ ವೇಗದ ರೈಲು ಹಿಡಿದರೆ ಹೆಚ್ಚುಕಮ್ಮಿ ಒಂದೂಮುಕ್ಕಾಲು ಗಂಟೆ. ಬಸ್ಸಿಗೆ ಇನ್ನೊಂದು ಗಂಟೆ ಜಾಸ್ತಿ. ಟಿಕೆಟ್ ತೆಗೆಯುವಾಗ ಊರಿನ ಹೆಸರು ಎರಡು ಸಲ ಓದಿಕೊಳ್ಳಿ. ಜೊಂಜು ಬೇರೆ, ಜಿಂಜು ಬೇರೆ. ಜಿಂಜು ಇರುವುದು ದಕ್ಷಿಣ ಗ್ಯೊಂಗ್‌ಸಾಂಗ್ ಪ್ರಾಂತ್ಯದಲ್ಲಿ. ಅಲ್ಲಿನ ಬಿಬಿಂಬಾಪ್ ಕೂಡ ಹೆಸರುವಾಸಿ, ಹಸಿ ದನದ ಮಾಂಸದ್ದು, ಜೊತೆಗೆ ನೆತ್ತರಿನ ಸಾರು. ತಪ್ಪಿ ಅಲ್ಲಿಗೆ ಹೋದವರಿಗೆ ಕಲಸನ್ನವಂತೂ ತಪ್ಪುವುದಿಲ್ಲ.

ಜೊಂಜುವಿನಲ್ಲಿ ಹೆಚ್ಚಿನವರು ಇಳಿಯುವುದು ಹನೊಕ್ ಹಳ್ಳಿಯಲ್ಲಿ, ಹೆಂಚಿನ ಹಳೇ ಮಾದರಿಯ ಮನೆಗಳ ಕೇರಿಯಲ್ಲಿ. ವಾರದ ಕೊನೆಗೆ ಅಲ್ಲಿನ ಸಾಂಪ್ರದಾಯಿಕ ಉಡುಪಾದ ಹನ್‌ಬೊಕ್ಕನ್ನು ಬಾಡಿಗೆಗೆ ತಂದು ಉಟ್ಟ ಹುಡುಗ ಹುಡುಗಿಯರಿಂದ ಅದು ಮದುವೆಮನೆ ಥರ ತುಂಬಿಹೋಗುತ್ತದೆ. ನಡುವಾರ ಹೋಗಿ ಹನ್ನೊಂದೂವರೆಗೇ ಊಟಕ್ಕೆ ಕೂತರೆ ಸಾಲು ನಿಲ್ಲುವುದು ತಪ್ಪುತ್ತದೆ.

ಬಟ್ಟಲಿನಿಂದಲೇ ಶುರುಮಾಡೋಣ. ಎಲ್ಲರೂ ಹಿತ್ತಾಳೆ ಬಟ್ಟಲು ಅನ್ನುತ್ತಾರೆ. ಸಾಂಪ್ರದಾಯಿಕ ಬಡಿದು ಮಾಡಿದ ಬಟ್ಟಲಾದರೆ ಅದು ಕಂಚು: ನೂರಕ್ಕೆ 78 ಪಾಲು ತಾಮ್ರ, 22 ಪಾಲು ತವರ. ಬೆರಳಲ್ಲಿ ತಟ್ಟಿದರೆ ದೇವರಮನೆಯ ಜಾಗಟೆಯ ಮರಿ ಹಾಗೆ ಗುಂಯ್ ಅನ್ನುತ್ತದೆ. ಬಿಸಿ ಮಾಡಿಟ್ಟ ಕಂಚು ಊಟ ಮುಗಿಯುವವರೆಗೆ ಅನ್ನವನ್ನು ಬೆಚ್ಚಗಿಡುತ್ತದೆ, ಆದರೆ ಸುಡುವುದಿಲ್ಲ. ಚುರ್‌ಗುಟ್ಟುವ ಕಲ್ಲಿನ ಬಟ್ಟಲಿನದು ಬೇರೆ ತಿನಿಸು. ಅಲ್ಲಿ ತಳ ಹಿಡಿದ ಸೀಕಲೇ ಮುಖ್ಯ.

ಬಟ್ಟಲಿನ ಮೇಲೆ ಐದು ಬಣ್ಣ: ಹಸಿರು, ಕೆಂಪು, ಹಳದಿ, ಬಿಳಿ, ಕಪ್ಪು. ಪಾಲಕ್, ಗಜ್ಜರಿ, ಅಣಬೆ, ನೆನೆಸಿ ಬೇಯಿಸಿದ ಒಣ ಜರಿಸೊಪ್ಪು, ಉಪ್ಪು ಹಾಕಿ ಉಜ್ಜಿ ಕಹಿ ತೆಗೆದ ದೊರಾಜಿ ಬೇರು, ನಡುವೆ ಹಸಿ ಮೊಟ್ಟೆಯ ಹಳದಿ, ಪಕ್ಕದಲ್ಲಿ ಹಸಿ ಮಾಂಸದ ಎಳೆಗಳು. ಸೊಪ್ಪು, ತರಕಾರಿ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಬೇಯಿಸಿ, ಹಿಂಡಿ, ಬೇರೆಬೇರೆಯಾಗಿ ಉಪ್ಪು, ಎಳ್ಳೆಣ್ಣೆ ಹಾಕಿರುತ್ತಾರೆ. ಪಾಲಕ್‌ಗೆ ಕುದಿನೀರಲ್ಲಿ ಅರ್ಧ ನಿಮಿಷ ಸಾಕು. ಸರಿಯಾಗಿ ಹಿಂಡದೆ ಹಾಕಿದರೆ ಬಟ್ಟಲ ತಳದಲ್ಲಿ ನೀರು ನಿಂತು ಇಡೀ ಕಲಸನ್ನ ಕೆಡುತ್ತದೆ. ಮನೆಯಲ್ಲಿ ಮಾಡುವವರು ಸೋಲುವುದು ಹೆಚ್ಚಾಗಿ ಇಲ್ಲೇ.

ಈ ಬಣ್ಣಗಳಲ್ಲಿ ಜೊಂಜುವಿನ ಸ್ವಂತದ್ದು ಆ ಹಳದಿ ಹಲ್ವ, ಹ್ವಾಂಗ್‌ಫೊಮುಕ್. ಹಲ್ವ ಅಂದದ್ದು ಆಕಾರಕ್ಕೆ, ಸಿಹಿ ಇಲ್ಲ. ಹೆಸರುಕಾಳಿನ ಪಿಷ್ಟ ಒಂದು ಅಳತೆಗೆ ನೀರು ಸುಮಾರು ಆರು ಅಳತೆ, ಬಣ್ಣಕ್ಕೆ ಗಾರ್ಡೇನಿಯ ಕಾಯಿ ನೆನೆಸಿದ ನೀರು. ಬಿಡದೆ ತಿರುವುತ್ತ ಕಾಯಿಸಿದರೆ ಹಾಲುಹಾಲಾಗಿದ್ದದ್ದು ಗಾಜಿನ ಹಾಗಾಗುತ್ತದೆ. ಆಮೇಲೆ ತಟ್ಟೆಗೆ ಸುರಿದು ಆರಿಸುವುದು. ನಮ್ಮ ರಾಗಿ ಹಾಲ್ಬಾಯಿ ಮಾಡಿದ ಕೈಗೆ ಇದು ಹೊಸತಲ್ಲ. ಫ್ರಿಜ್ಜಿಗೆ ಇಟ್ಟರೆ ಮಾತ್ರ ಬಿಳಿಚಿಕೊಂಡು ಪುಡಿಪುಡಿಯಾಗುತ್ತದೆ. ಬಿಸಿನೀರಲ್ಲೊಮ್ಮೆ ಅದ್ದಿದರೆ ಮತ್ತೆ ಹೊಳಪು ಬರುತ್ತದೆ. ಬಟ್ಟಲಿನ ಹಲ್ವ ಸುಣ್ಣದ ಹಾಗೆ ಮಂಕಾಗಿದ್ದರೆ ನಿನ್ನೆಯದು ಅಂತ ತಿಳಿಯಿರಿ.

ಇನ್ನೊಂದು ಸೋಯಾ ಮೊಳಕೆ, ಖೊಂಗ್‌ನಾಮುಲ್. ಕತ್ತಲಲ್ಲಿ ನೀರು ಹೊಯ್ದು ಬೆಳೆಸುತ್ತಾರೆ. ಬೆಳಕು ಬಿದ್ದರೆ ತಲೆ ಹಸಿರಾಗುತ್ತದೆ. ಬೇಯಿಸುವಾಗ ಅಲ್ಲಿನ ಮನೆಗಳಲ್ಲಿ ಒಂದೇ ಕಟ್ಟಳೆ: ಮುಚ್ಚಳ ಮುಚ್ಚಿದರೆ ಬೇಯುವವರೆಗೂ ತೆಗೆಯಬಾರದು, ತೆಗೆದೇ ಬೇಯಿಸುವುದಾದರೆ ಮೊದಲಿಂದ ಕೊನೆವರೆಗೂ ತೆಗೆದೇ ಇರಬೇಕು. ನಡುವೆ ಇಣುಕಿದರೆ ಹಸಿ ಕಾಳಿನ ವಾಸನೆ ಉಳಿಯುತ್ತದೆ ಎಂಬುದು ನಂಬಿಕೆ. ಬೆಂದದ್ದನ್ನು ಹಲ್ಲಿಗಿಟ್ಟರೆ ಕರುಂ ಅನ್ನಬೇಕು.

ಇಷ್ಟೆಲ್ಲ ಬಣ್ಣ ನೋಡಿ ಜನ ಮೆಚ್ಚುತ್ತಾರೆ, ಫೋಟೊ ಹೊಡೆಯುತ್ತಾರೆ. ಬಟ್ಟಲಿನ ಗುಟ್ಟು ಇರುವುದು ಮಾತ್ರ ಕಾಣದ ಅನ್ನದಲ್ಲಿ. ಜೊಂಜುವಿನ ಸಾಂಪ್ರದಾಯಿಕ ಪದ್ಧತಿಯಲ್ಲಿ ಅನ್ನ ಬೇಯುವುದು ನೀರಿನಲ್ಲಲ್ಲ, ದನದ ಮೂಳೆ ಕುದಿಸಿ ಜಿಡ್ಡು ತೆಗೆದ ಸಾರಿನಲ್ಲಿ, ಅದೂ ಕೊಂಚ ಗಟ್ಟಿಯಾಗಿ. ಕೊರಿಯಾದ ಅಕ್ಕಿ ಗಿಡ್ಡಕಾಳು, ಅಂಟು ಜಾಸ್ತಿ. ಸಾರಿನಲ್ಲಿ ಉಳಿದ ತೆಳು ಜಿಡ್ಡು ಅಗುಳಿಗೆ ಹತ್ತಿ, ಕಲಸುವಾಗ ಮುದ್ದೆಯಾಗದಂತೆ ನೋಡಿಕೊಳ್ಳುತ್ತದೆ. ಚಿತ್ರಾನ್ನಕ್ಕೆ ಅನ್ನವನ್ನು ತಟ್ಟೆಗೆ ಹರವಿ ಎಣ್ಣೆ ಬಿಡುತ್ತೇವಲ್ಲ, ಅದೇ ಲೆಕ್ಕ.

ಸಸ್ಯಾಹಾರಿಗಳು ಎಡವುವುದೂ ಈ ಅನ್ನದಲ್ಲೇ. ‘ಗೊಗಿ ಪ್ಪೆ ಜುಸೆಯೊ’, ಮಾಂಸ ತೆಗೆದುಬಿಡಿ, ಅಂದರೆ ಮೇಲಿನ ಮಾಂಸ ಖಂಡಿತ ಹೋಗುತ್ತದೆ. ಅನ್ನದೊಳಗಿನ ‘ಯುಕ್ಸು’, ಅಂದರೆ ಆ ಮಾಂಸದ ಸಾರು, ಹೋಗುವುದಿಲ್ಲ. ಗೊಚುಜಾಂಗ್ ಎಂಬ ಕೆಂಪು ಮೆಣಸಿನ ಖಾರವನ್ನು ಎಷ್ಟೋ ಕಡೆ ಕೊಚ್ಚಿದ ಮಾಂಸದ ಜೊತೆ ಹುರಿದಿರುತ್ತಾರೆ. ಜೊತೆಗೆ ಬರುವ ತಿಳಿಸಾರಿಗೆ ಒಣಮೀನು ಕುದಿಸಿರಬಹುದು. ಮೂರನ್ನೂ ಬಾಯಿಬಿಟ್ಟು ಕೇಳಬೇಕು, ಕೂರುವ ಮೊದಲೇ. ಅಷ್ಟು ಗೋಜು ಬೇಡ ಅನ್ನುವವರು ಬೌದ್ಧ ವಿಹಾರಗಳಲ್ಲಿ ಉಣ್ಣುವುದು ವಾಸಿ. ಭಿಕ್ಷುಗಳ ಅಡುಗೆಯಲ್ಲಿ ಮಾಂಸ, ಮೀನು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಪಂಕ್ತಿಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಈಗ ಕಲಸುವುದು. ಚಮಚ ಕೆಳಗಿಡಿ. ಚಮಚದಲ್ಲಿ ಒತ್ತಿದರೆ ಅಗುಳು ಜಜ್ಜಿಹೋಗಿ ಅಂಟಾಗುತ್ತದೆ. ಊಟದ ಜೋಡಿ ಕಡ್ಡಿ ತೆಗೆದುಕೊಂಡು ತಳದಿಂದ ಮೇಲಕ್ಕೆತ್ತಿ ಬಿಡಿಸುತ್ತ, ಇನ್ನೊಂದು ಕೈಯಲ್ಲಿ ಬಟ್ಟಲು ತಿರುಗಿಸುತ್ತ ಬನ್ನಿ. ಕೊರಿಯಾದ ಕಡ್ಡಿ ಲೋಹದ್ದು, ಚಪ್ಪಟೆ. ಮೊದಲು ಜಾರುತ್ತದೆ, ನಾಚಿಕೆ ಬೇಡ. ಬಿಳಿ ಅಗುಳು ಕಾಣದಂತಾಗುವವರೆಗೆ ಕಲಸಬೇಕು. ಆಮೇಲೆ ಚಮಚದಲ್ಲೇ ಉಣ್ಣಿ. ಖಾರವನ್ನು ಬೇರೆಯಾಗಿ ಕೊಟ್ಟಿದ್ದರೆ ಮೊದಲಿಗೆ ಒಂದು ದೊಡ್ಡ ಚಮಚಕ್ಕಿಂತ ಹೆಚ್ಚು ಬೇಡ. ಕೊರಿಯಾದ ಮೆಣಸು ನಮ್ಮ ಬ್ಯಾಡಗಿಯ ಜಾತಿಯ ಗುಣದ್ದು, ಬಣ್ಣ ದಂಡಿ, ಖಾರ ಮಿತ. ಆ ಕೆಂಪಿಗೆ ಹೆದರುವ ಕನ್ನಡಿಗರಿಲ್ಲ. ಕೆಡಿಸುವುದು ಅದರ ಸಿಹಿ, ಉಪ್ಪು. ಎರಡು ಚಮಚ ಸುರಿದರೆ ಐದು ಬಣ್ಣಕ್ಕೂ ಒಂದೇ ರುಚಿ. ಒಣಗಿದ ಹಾಗನ್ನಿಸಿದರೆ ಪಕ್ಕದ ಮೊಳಕೆ ಸಾರು ಒಂದೆರಡು ಚಮಚ ಸೇರಿಸಿ. ಫೋಟೊ ಹೊಡೆಯುವುದಿದ್ದರೆ ಅರ್ಧ ನಿಮಿಷದಲ್ಲಿ ಮುಗಿಸಿ. ಬೆಚ್ಚಗಿನ ಅನ್ನದ ಮೇಲೆ ಹಸಿ ಮಾಂಸ ಕಂದಿಹೋಗುತ್ತದೆ.

ಇದು ಹುಟ್ಟಿದ್ದು ಹೇಗೆ ಅಂತ ಕೇಳಿದರೆ ಊರಿಗೊಂದು ಕಥೆ. ಅರಮನೆಯ ಊಟ ಅನ್ನುವವರಿದ್ದಾರೆ, ಹಿರಿಯರಿಗೆ ಎಡೆಯಿಟ್ಟದ್ದನ್ನು ಕಲಸಿದ್ದು ಅನ್ನುವವರಿದ್ದಾರೆ, 1894ರಲ್ಲಿ ದಂಗೆಯೆದ್ದು ಜೊಂಜು ಕೋಟೆ ಹಿಡಿದ ದೊಂಗ್‌ಹಾಕ್ ಪಂಥದ ರೈತರಿಗೆ ಪಾತ್ರೆ ಸಾಲದೆ ಎಲ್ಲ ಒಂದರಲ್ಲೇ ಹಾಕಿದ್ದು ಅನ್ನುವವರೂ ಇದ್ದಾರೆ. ಉಳಿದದ್ದನ್ನೆಲ್ಲ ಅನ್ನಕ್ಕೆ ಕಲಸಿ ತಿನ್ನಲು ಕೋಟೆ ಯಾಕೆ ಹಿಡಿಯಬೇಕೋ!

ಜೊಂಜುವಿನವರನ್ನೇ ಎಲ್ಲಿ ಒಳ್ಳೇ ಬಿಬಿಂಬಾಪ್ ಸಿಗುತ್ತದೆ ಅಂತ ಕೇಳಿದರೆ, ಅದಕ್ಯಾಕೆ ಅಷ್ಟು ದುಡ್ಡು ಕೊಡುತ್ತೀರಿ, ಮನೇಲೇ ಕಲಸಿಕೊಳ್ಳಬಹುದಲ್ಲ ಅನ್ನುವವರೇ ಹೆಚ್ಚು. ಅವರು ಬೆಳಿಗ್ಗೆ ನಂಬು ಮಾರುಕಟ್ಟೆಗೆ ಕಳಿಸುತ್ತಾರೆ, ಮೊಳಕೆ ಸಾರನ್ನಕ್ಕೆ. ಅಲ್ಲಿ ತಣ್ಣಗಿನ ಅನ್ನದ ಮೇಲೆ ಕುದಿಸಾರು ಹೊಯ್ಯುವುದು, ಬಸಿಯುವುದು, ಮತ್ತೆ ಹೊಯ್ಯುವುದು, ಹೀಗೆ ನಾಲ್ಕಾರು ಸಲ ಮಾಡಿ ಅಗುಳನ್ನು ಒಳಗಿನವರೆಗೆ ಬಿಸಿ ಮಾಡುತ್ತಾರೆ. ಪಕ್ಕದಲ್ಲಿ ಪುಟ್ಟ ಸ್ಟೀಲ್ ಬಟ್ಟಲಲ್ಲಿ ಅರೆಬೆಂದ ಮೊಟ್ಟೆ ಬರುತ್ತದೆ. ಅದನ್ನು ಸಾರನ್ನಕ್ಕೆ ಸುರಿಯಬೇಡಿ, ತಿಳಿ ಕದಡುತ್ತದೆ. ಸಾರನ್ನೇ ಎರಡು ಮೂರು ಚಮಚ ಮೊಟ್ಟೆಗೆ ಹಾಕಿ, ಕಡಲಪಾಚಿಯ ಹಾಳೆ ಹರಿದು ಉದುರಿಸಿ, ಮೊದಲು ಅದನ್ನು ಮುಗಿಸಿ.