ಅದೇ ಪೌಂಡ್ ಬೇಡ, ಅದೇ ಬಾಣವೂ ಬೇಡ

ತುದಿಗಳಲ್ಲಿ ಚಕ್ರವಿರೋ ಕಾಂಪೌಂಡ್ ಬಿಲ್ಲಿನಿಂದ ಮರದ ಬಿಲ್ಲಿಗೆ ಮರಳುವವರು ಅದೇ ಪೌಂಡಿನದ್ದೇ (ಅಂದರೆ ಹೆದೆ ಎಳೆಯೋಕೆ ಅಷ್ಟೇ ಬಲ ಬೇಕಾದದ್ದೇ) ತಗೊಳ್ಳಿ ಅಂತ ಬಿಲ್ಲುಗಾರಿಕೆ ಬಗ್ಗೆ ಓದಿದ ಒಂದು ಲೇಖನದಲ್ಲಿದೆ. ಹೆಗಲು ಕೆಡಿಸೋ ಸಲಹೆ ಇದು. 60 ಪೌಂಡಿನ ಕಾಂಪೌಂಡನ್ನು ಪೂರ್ತಿ ಎಳೆದು ನಿಂತಾಗ, ಚಕ್ರಗಳು ಶೇ 80 ಭಾರ ಇಳಿಸಿದರೆ ಕೈಗೆ ಉಳಿಯೋದು 12 ಪೌಂಡ್. ಮರದ್ದರಲ್ಲಿ ಎಳೆದಷ್ಟೂ ಭಾರ ಏರುತ್ತೆ. 30–35ರಿಂದ ಶುರು ಮಾಡಿ.

ಹಳೆಯ ಕಾರ್ಬನ್ ಬಾಣ ಕಡಿಮೆ ಪೌಂಡಿಗೆ ತೀರಾ ಬಿರುಸು. ಬಿಟ್ಟ ಕೂಡಲೇ ಬಾಣ ಬಳುಕಿ ಹಿಡಿಯ ಪಕ್ಕದಿಂದ ದಾಟಬೇಕು. ಬಳುಕದಿದ್ದರೆ ಬಲಗೈಯವರಿಗೆ ಎಡಕ್ಕೆ ಬೀಳುತ್ತೆ. ಗುರಿ ಸರಿಯಿಲ್ಲ ಅಂತ ಸುಮ್ಮನೆ ತಲೆ ಕೆಡಿಸಿಕೊಳ್ಳೋದು ಇಲ್ಲೇ. ಪ್ಲಾಸ್ಟಿಕ್ ರೆಕ್ಕೆಯೂ ಬೇಡ, ಹಿಡಿಗೆ ತಾಗಿ ಬಾಣ ಎಗರುತ್ತೆ. ಹಕ್ಕಿ ಗರಿಯಾದರೆ ಒತ್ತಿದಾಗ ಮಲಗುತ್ತೆ. ಆದರೆ ಮಳೆಗೆ ನೆನೆದ ಗರಿ ಬಾಣವನ್ನು ನೇರ ಹಿಡಿಯಲ್ಲ.

ಸಕಲೇಶಪುರ, ಮೂಡಿಗೆರೆ ಕಡೆಯವರು ಮಳೆಗಾಲದಲ್ಲಿ ಹೊಡೆದು ಮುಗಿದ ತಕ್ಷಣ ಹೆದೆ ಇಳಿಸಿ, ಬಿಲ್ಲನ್ನು ಎರಡು ಗೂಟದ ಮೇಲೆ ಅಡ್ಡ ಮಲಗಿಸಿ. ಮೂಲೆಗೆ ಒರಗಿಸಿದರೆ ಸೊಟ್ಟಗಾಗುತ್ತೆ, ಒಲೆ ಹತ್ತಿರ ಇಟ್ಟರೆ ಸೀಳುತ್ತೆ. ಬಾಣವಿಲ್ಲದೆ ಹೆದೆ ಬಿಡಲೇಬೇಡಿ, ಮುರಿಯುತ್ತೆ.

ಅಂದಹಾಗೆ ಲೇಖನದಲ್ಲಿರೋ ಬೇಟೆ ಹೊರದೇಶದ್ದು. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಬಿಲ್ಲಿನಲ್ಲಿ ಹೊಡೆದರೂ ಕೇಸೇ. ಅಭ್ಯಾಸದ ಗುರಿಗೆ ಹುಲ್ಲಿನ ಪಿಂಡಿ ಬಿಗಿಯಾಗಿ ಕಟ್ಟಿಕೊಳ್ಳಿ, ಹಿಂದೆ ಮಣ್ಣಿನ ದಿಬ್ಬ ಇರಲಿ.