ಫ್ರಿಜ್ಜಿನ ಹಿಂದಿನ ಸಾಲು

ಇಂದು ಬೆಳಿಗ್ಗೆ ಫ್ರಿಜ್ ಒರೆಸಲು ಕುಳಿತಾಗ ಹಿಂದಿನ ಸಾಲಿನಲ್ಲಿ ಮೂರು ಡಬ್ಬಿಗಳು ಸಿಕ್ಕವು. ಮೂರರಲ್ಲಿಯೂ ಇದ್ದದ್ದು, ನಾಳೆ ಬಿಸಿ ಮಾಡಿಕೊಂಡರಾಯಿತು ಎಂದು ನಾನೇ ಎತ್ತಿಟ್ಟಿದ್ದ ಅಡುಗೆ. ಮೂರೂ ಬೂಷ್ಟು ಹಿಡಿದಿದ್ದವು. ಅವನ್ನು ಸುರಿದು ಬಂದಾಗಿನಿಂದ ಮನಸ್ಸು ಕಹಿಯಾಗಿದೆ. ನಿನ್ನೆ ರಾತ್ರಿಯಷ್ಟೇ ತಟ್ಟೆಯಲ್ಲಿ ಎರಡು ತುತ್ತು ಬಿಟ್ಟು ಎದ್ದ ಮಗಳನ್ನು ನಾನು ಗದರಿಸಿದ್ದೆ.

ತಟ್ಟೆಯಲ್ಲಿ ಬಿಟ್ಟದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ಆದ್ದರಿಂದ ಬೈಗುಳವೂ ಅದಕ್ಕೇ. ಲೆಕ್ಕವಿಲ್ಲದೆ ಕೊಂಡು ತಂದ ಸೊಪ್ಪು, ಅಳೆಯದೆ ಒಲೆಯ ಮೇಲಿಟ್ಟ ಪಾತ್ರೆ, ಮುಚ್ಚಳ ಹಾಕಿ ಮರೆತ ಡಬ್ಬಿ, ಇವು ಹಿರಿಯರ ತಪ್ಪುಗಳಾದ್ದರಿಂದ ಯಾರೂ ಕೇಳುವುದಿಲ್ಲ. ಎತ್ತಿಟ್ಟ ಮಾತ್ರಕ್ಕೇ ಉಳಿಸಿದೆವೆಂಬ ಸಮಾಧಾನವೂ ನಮಗೆ ಸಿಕ್ಕಿಬಿಡುತ್ತದೆ; ನನ್ನ ಸಿಟ್ಟೆಲ್ಲ ಈ ಸಮಾಧಾನದ ಮೇಲೆಯೇ.

ಪೋಲು ಮಾಡುವವರು ಹೋಟೆಲಿನವರು ಎಂದು ನಾನೂ ಬಹಳ ಕಾಲ ನಂಬಿದ್ದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, 2022ರಲ್ಲಿ ಜಗತ್ತಿನ ಅಂಗಡಿ, ಹೋಟೆಲು ಮತ್ತು ಮನೆಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇಕಡಾ 60ರಷ್ಟು ಮನೆಗಳಿಂದಲೇ ಬಂದದ್ದು. ಮನೆಗಳ ಪಾಲೇ ತಲೆಗೆ ವರ್ಷಕ್ಕೆ 79 ಕಿಲೋ. ಇದರಲ್ಲಿ ಸಿಪ್ಪೆ, ಮೂಳೆಗಳೂ ಸೇರಿವೆ ಎಂಬುದು ನಿಜ, ಆದರೆ ನಾನು ಇಂದು ಸುರಿದದ್ದು ಸಿಪ್ಪೆಯಲ್ಲ.

ಗೊಬ್ಬರ ಮಾಡುತ್ತೇವಲ್ಲ, ವ್ಯರ್ಥ ಹೇಗಾಯಿತು ಎಂದು ಕೆಲವು ಗೆಳೆಯರು ಕೇಳುತ್ತಾರೆ. ಕಸದ ರಾಶಿಯಡಿ ಗಾಳಿಯಾಡದೆ ಕೊಳೆತು, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲವನ್ನು ಹೊರಬಿಡುವುದಕ್ಕಿಂತ ಗೊಬ್ಬರವಾಗುವುದು ಖಂಡಿತ ಮೇಲು. ಆದರೆ ಅದನ್ನು ಬೆಳೆಯಲು ಹರಿಸಿದ ನೀರು, ಸಾಗಿಸಲು ಸುಟ್ಟ ಇಂಧನ, ಬೆಳೆದವರ ಬೆವರು, ಬೇಯಿಸಿದವರ ಹೊತ್ತು ಇವು ಯಾವುವೂ ಗೊಬ್ಬರದ ಗುಂಡಿಯಿಂದ ಮರಳುವುದಿಲ್ಲ. ಸಿಪ್ಪೆಗೆಂದು ತೋಡಿದ ಗುಂಡಿಗೆ ಊಟವನ್ನು ಹಾಕಿ ನೆಮ್ಮದಿಯಿಂದಿರಲು ನನ್ನಿಂದ ಸಾಧ್ಯವಿಲ್ಲ.

ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡದೆ, 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿಡಬೇಕೆಂಬುದು ನನಗೆ ಗೊತ್ತಿತ್ತು, ಹಾಗೆಯೇ ಇಟ್ಟಿದ್ದೆ ಕೂಡ. ತಪ್ಪಿದ್ದು ಇಟ್ಟ ಜಾಗದಲ್ಲಿ. ಹೊಸದನ್ನೆಲ್ಲ ಮುಂದಿಟ್ಟು ಹಳೆಯದನ್ನು ಹಿಂದಕ್ಕೆ ತಳ್ಳುತ್ತಿದ್ದೆ. ಇಂದು ಫ್ರಿಜ್ಜಿನ ಮೇಲಿನ ಅಂತಸ್ತನ್ನು, ಕಣ್ಣಿನ ಮಟ್ಟದಲ್ಲಿರುವುದನ್ನು, ಉಳಿದ ಅಡುಗೆಗೆಂದೇ ಖಾಲಿ ಮಾಡಿದ್ದೇನೆ. ಡಬ್ಬಿಗಳ ಮೇಲೆ ತಾರೀಖು ಬರೆದು ಅಂಟಿಸಿದ್ದೇನೆ. ಅವು ಮುಗಿಯುವವರೆಗೆ ಸಂತೆಗೆ ಹೋಗುವುದಿಲ್ಲ.

ಆ ಮೂರು ಡಬ್ಬಿಗಳ ವಿಷಯ ಮಗಳಿಗೆ ಇನ್ನೂ ತಿಳಿದಿಲ್ಲ. ಸಂಜೆ ಅವಳು ಬಂದ ಕೂಡಲೇ ನಾನೇ ಹೇಳಬೇಕು.